ಹಿಂದಿನ ಎಡಗಡೆಯ ಬೋಲ್ಟು

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಷಟರ್ ಎತ್ತಿ ಇನ್ನೂ ಊದುಬತ್ತಿ ಹಚ್ಚಿರಲಿಲ್ಲ, ತಂಬ್ರಹಳ್ಳಿ ಕಡೆಯಿಂದ ಟ್ರ್ಯಾಕ್ಟರೊಂದು ಬಂದು ಗ್ಯಾರೇಜಿನ ಮುಂದೆ ನಿಂತಿತು. ಟ್ರೈಲರಿನ ಮೇಲೆ ಕರಿಸಿದ್ದಪ್ಪನ ಜೀಪು. ಅವನು ನನ್ನ ಒಡಹುಟ್ಟಿದ ಅಣ್ಣ. ಆದರೆ ಸತ್ತ ಮೇಲೆ ನನ್ನ ಬಾಯಲ್ಲಿ ಬರೀ ಕರಿಸಿದ್ದಪ್ಪ ಆಗಿಬಿಟ್ಟಿದ್ದಾನೆ, ಯಾಕೋ ಏನೋ. ಹನ್ನೆರಡು ವರ್ಷ ಅತ್ತಿಗೆ ದ್ಯಾಮಕ್ಕನ ಮನೆಯ ಹಿಂದೆ, ಕುರಿಹಟ್ಟಿಯ ಪಕ್ಕದಲ್ಲಿ ಬಿದ್ದಿದ್ದ ಗಾಡಿ. ಟೈರು ಕರಗಿ ಮಣ್ಣಾಗಿವೆ, ಸೀಟಿನಲ್ಲಿ ಕೋಳಿ ಕಾವು ಕೂತ ಗುರುತು.

"ದ್ಯಾಮಕ್ಕ ಕಳಿಸ್ಯಾಳ್ರಿ ಮೇಸ್ತ್ರಿ. ಆಯುಧಪೂಜಿ ಹೊತ್ತಿಗೆ ಓಡೂ ಹಂಗ ಆಗಬೇಕಂತ," ಎಂದ ಟ್ರ್ಯಾಕ್ಟರಿನವನು.

ಪಿತ್ತ ನೆತ್ತಿಗೇರಿತು. ಒಂದು ಮಾತು ಕೇಳದೆ ಕಳಿಸಿಬಿಡುವುದೇ? ಇಳಿಸಿಕೊಳ್ಳುವುದಿಲ್ಲ ಎನ್ನುವಷ್ಟರಲ್ಲಿ ಕರಿಸಿದ್ದಪ್ಪನ ಮಗಳು ಚಂದನಾಳ ಫೋನು ಬಂತು. ಹರಪನಹಳ್ಳಿಯಲ್ಲಿ ನರ್ಸು ಆಗಿದ್ದಾಳೆ.

"ಕಾಕಾ, ಈ ಸಲ ಅಪ್ಪನ ಜೀಪಿಗೆ ಪೂಜಿ ಮಾಡಿ ನಾನಾ ಹೊಡಕೊಂಡು ಹೋಗ್ತೀನಿ. ಬೋಲ್ಟ್ ಕತ್ತರಿಸಬ್ಯಾಡ, ಬಿಚ್ಚಿ ತೆಗಿ. ತೆಗೆದಿದ್ದೆಲ್ಲಾ ನನಗ ಬೇಕು. ಅಪ್ಪನ ಗಾಡಿದು."

"ಆತವಾ," ಎಂದೆ. ಬೇರೆ ಏನೆನ್ನಲಿ?

ಗಾಡಿಯ ಭಾರ ಹೊರುವ ಪಾಟಾ ಸೆಟ್ಟು ನಾಲ್ಕೂ ಬದಲಾಗಬೇಕು. ಒಂದೊಂದಕ್ಕೆ ಮೂರು ಬೋಲ್ಟು, ಒಟ್ಟು ಹನ್ನೆರಡು. ಎಲ್ಲವೂ ತುಕ್ಕು ಹಿಡಿದು ಒಂದೇ ಕಬ್ಬಿಣದ ಮುದ್ದೆಯಾಗಿವೆ. ಹನ್ನೊಂದು ಹೇಗೋ ಬಂದಾವು. ಹನ್ನೆರಡನೆಯದರ ಮುಖ ನೋಡಲೂ ನನಗೆ ಇಷ್ಟವಿಲ್ಲ.

ಆಯಿಲ್ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಇತ್ತು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಕಕ್ಕಬೇಕಲ್ಲ.

ಸೆಪ್ಟೆಂಬರ್ 10, ಬುಧವಾರ

ಬರೆದೇಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ, ಹೆಂಡತಿ ರಮಾಳಿಗೆ ನನ್ನ ಅಕ್ಷರ ತಿಳಿಯುವುದೂ ಇಲ್ಲ.

ಹನ್ನೆರಡು ವರ್ಷದ ಹಿಂದಿನ ಆಯುಧಪೂಜೆ. ಕರಿಸಿದ್ದಪ್ಪನ ಜೀಪಿನ ಹಿಂದಿನ ಎಡಗಡೆಯ ಪಾಟಾ ಮುರಿದಿತ್ತು. ಬೆಳಿಗ್ಗೆಯಿಂದ ಕೂತು ಹೊಸದು ಹಾಕಿದೆ. ಎರಡು ಬೋಲ್ಟು ಪಾನಾ ಹಾಕಿ ಬಿಗಿ ಮಾಡಿದೆ. ಮೂರನೆಯದರ, ಮೇಲಿನದರ ನಟ್ಟನ್ನು ಬೆರಳಿನಿಂದ ಕೊನೆತನಕ ತಿರುಗಿಸಿದ್ದೆ ಅಷ್ಟೇ. ಅಷ್ಟರಲ್ಲಿ ರಮಾ ಸಾಮಾನೆಲ್ಲಾ ತೊಳೆದು ಹಲಗೆಯ ಮೇಲೆ ಜೋಡಿಸಿ, ನನ್ನ ಕೈಯಲ್ಲಿದ್ದ ಪಾನಾವನ್ನೂ ಕಿತ್ತುಕೊಂಡು ವಿಭೂತಿ ಹಚ್ಚಿದಳು. ಕರ್ಪೂರ ಹೊತ್ತಿತು. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ನಮ್ಮಪ್ಪನ ಕಾಲದಿಂದ ನಡೆದುಬಂದ ಪದ್ಧತಿ, ಈ ಸಾಲಿನ ಎಲ್ಲಾ ಗ್ಯಾರೇಜಿನವರೂ ಹಾಗೆಯೇ ಮಾಡುತ್ತಾರೆ.

"ಹಡಗಲಿಗೆ ಹೋಗಿ ಚೆಂಡುಹೂವು ತರ್ತೀನಲೇ, ಗಾಡಿ ಆತಿಲ್ಲ?" ಎಂದು ಕರಿಸಿದ್ದಪ್ಪ ಕೇಳಿದ. ಆತು ಎಂದುಬಿಟ್ಟೆ. ನಾಳೆ ಬಂದಾಗ ಒಂದು ಕೈ ಬಿಗಿ ಮಾಡಿದರಾಯಿತು ಎಂದುಕೊಂಡೆ. ಅವನಿಗೆ ಹೇಳಲಿಲ್ಲ.

ಸಂಜೆ ವಾಪಸ್ಸು ಬರುವಾಗ ಕಾಲುವೆಯ ತಿರುವಿನಲ್ಲಿ ಜೀಪು ಎಡಕ್ಕೆ ಎಳೆದುಕೊಂಡು ಪಲ್ಟಿ ಹೊಡೆಯಿತು. ಹೂವಿನ ರಾಶಿಯ ಕೆಳಗೆ ಸಿಕ್ಕ. ಹಬ್ಬದ ದಿನ, ಡ್ರೈವರು, ಕುಡಿದೇ ಇರಬೇಕು ಎಂದರು ಊರವರು. ನಾನು ಸುಮ್ಮನಿದ್ದೆ. ಅಣ್ಣನನ್ನು ಕೊಂದ ಮೇಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ? ಹೋದ ತಿಂಗಳು ಚಂದನಾಳನ್ನು ನೋಡಿಕೊಂಡು ಹೋದ ಹೊಳಲಿನವರು, "ಕುಡಿದು ಸತ್ತವನ ಮಗಳು ಬ್ಯಾಡ" ಎಂದು ಹೇಳಿ ಕಳಿಸಿದರು. ಆಗಲೂ ಸುಮ್ಮನಿದ್ದೆ.

ಒಮ್ಮೊಮ್ಮೆ, ಬಿಗಿ ಮಾಡಿದ್ದೆನೇನೋ, ಮರೆತಿದ್ದೇನೇನೋ ಅನ್ನಿಸುತ್ತದೆ. ಅದನ್ನು ತಿಳಿಯಬಹುದು. ಬಿಗಿಯಾಗಿ ಕೂತ ವಾಷರಿನ ಅಡಿಗೆ ತುಕ್ಕು ಇಳಿಯುವುದಿಲ್ಲ, ಕಬ್ಬಿಣ ಬೆಳ್ಳಗೆ ಉಳಿದಿರುತ್ತದೆ. ಸಡಿಲ ಇದ್ದರೆ ಅಡಿಯೂ ಕೆಂಪಗೆ. ಬೋಲ್ಟು ಬಿಚ್ಚಿದರೆ ಯಾವ ಮೇಸ್ತ್ರಿಗಾದರೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅದಕ್ಕೇ ಅದೊಂದನ್ನು ನಾಳೆ ಗ್ರೈಂಡರಿನಲ್ಲಿ ಕತ್ತರಿಸಿ ಗುಜರಿಗೆ ಎಸೆಯುತ್ತೇನೆ. ಮುರಿಯಿತು ಎಂದು ಚಂದನಾಳಿಗೆ ಹೇಳಿದರಾಯಿತು.

ಸೆಪ್ಟೆಂಬರ್ 11, ಗುರುವಾರ

ಗ್ರೈಂಡರಿನ ಕಲ್ಲು ಬೋಲ್ಟಿಗೆ ತಾಗುತ್ತಲೇ ಚೂರಾಯಿತು. ಎರಡನೆಯದೂ ಹಾಗೇ, ಒಂದು ಚೂರು ಕಿವಿಯನ್ನು ಸವರಿಕೊಂಡು ಹೋಯಿತು. ಈಗಿನ ಮಾಲು ಎಲ್ಲಾ ಹಾಳು. ಅದನ್ನು ಬಿಟ್ಟು ಮುಂದಿನ ಬಲಗಡೆಗೆ ಹೋದೆ. ಡೀಸೆಲ್ಲು, ಬ್ರೇಕ್ ಆಯಿಲ್ಲು ಕಲಸಿ ಸುರಿದೆ, ಸುತ್ತಿಗೆಯಿಂದ ಬಡಿದೆ, ಪಾನಾಕ್ಕೆ ಮೂರಡಿ ಪೈಪು ಸಿಕ್ಕಿಸಿ ಜೋತುಬಿದ್ದೆ. ಪೈಪು ಬಾಗಿತು, ನಟ್ಟು ಜಪ್ಪಯ್ಯ ಎನ್ನಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಮಧ್ಯಾಹ್ನ ಹನ್ನೆರಡಕ್ಕೆ ಎದುರಿನ ಜಂಬಣ್ಣನ ಹೋಟೆಲಿಗೆ ಚಹಾಕ್ಕೆ ಹೋಗಿ ಬಂದೆ. ಎರಡು ದಿನ ಜೋತುಬಿದ್ದರೂ ಅಲುಗದ ನಟ್ಟು ಬೆರಳಿಗೇ ತಿರುಗಿತು. ಡೀಸೆಲ್ಲು ಈಗ ಇಳಿದಿರಬೇಕು.

ಸೆಪ್ಟೆಂಬರ್ 16, ಮಂಗಳವಾರ

ಐದು ಬೋಲ್ಟು ಬಂದವು. ದಿನಕ್ಕೆ ಒಂದೋ ಎರಡೋ, ಎಲ್ಲವೂ ಮಧ್ಯಾಹ್ನ ನಾನು ಚಹಾಕ್ಕೆ ಹೋಗಿ ಬರುವುದರೊಳಗೆ. ಇವತ್ತು ಬಂದದ್ದಕ್ಕೆ ನಾನು ಎಣ್ಣೆಯನ್ನೇ ಹಾಕಿರಲಿಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಹಾಗಾಗಿಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಜೀಪಿನ ಕೆಳಗೆ ಮಲಗಿದರೆ ಚೆಂಡುಹೂವಿನ ವಾಸನೆ. ಹಳೆಯದಲ್ಲ, ಈಗಷ್ಟೇ ಕಿತ್ತು ತಂದಂಥದ್ದು. ಈ ಸಾಲಿನಲ್ಲಿ ಹೂವಿನ ಅಂಗಡಿಯೇ ಇಲ್ಲ.

ಜಂಬಣ್ಣ ತಾನೇ ಗ್ಯಾರೇಜಿಗೆ ಎರಡು ಗ್ಲಾಸು ಚಹಾ ತಂದಿಟ್ಟ. "ಒಬ್ಬನಾ ಅದೀನಿ, ಎರಡ್ಯಾಕಲೇ?" ಎಂದೆ. "ನೀವಾ ಎರಡು ಅಂದ್ರೆಲ್ಲ ಮೇಸ್ತ್ರಿ," ಎನ್ನುತ್ತಾನೆ. ವ್ಯಾಪಾರಿಗಳ ಬುದ್ಧಿ. ಚೆಲ್ಲುವುದೇಕೆಂದು ಇನ್ನೊಂದನ್ನು ಜೀಪಿನ ಪಾವಟಿಗೆಯ ಮೇಲೆ ಇಟ್ಟೆ.

ಸೆಪ್ಟೆಂಬರ್ 18, ಗುರುವಾರ

ಗ್ಯಾಸ್ ಕಟರಿನ ಗುರುಬಸವರಾಜನನ್ನು ಕೊಟ್ಟೂರಿನಿಂದ ಕರೆಸಿದೆ. ಇಪ್ಪತ್ತು ವರ್ಷದ ಕಸುಬುದಾರ, ಹಡಗಲಿಯ ಹಳೆ ಸಕ್ಕರೆ ಗಾಣವನ್ನೇ ಕತ್ತರಿಸಿ ಇಳಿಸಿದವನು. ಹಿಂದಿನ ಎಡಗಡೆಯ ಮೇಲಿನ ಬೋಲ್ಟನ್ನು ತೋರಿಸಿ, ಇದೊಂದನ್ನು ಕತ್ತರಿಸಿಬಿಡು ಎಂದೆ.

ಉರಿ ಹಚ್ಚಿದ, ಹತ್ತಿರ ಒಯ್ದ, ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಗಾಳಿ ಇರಲಿಲ್ಲ. ಪಕ್ಕದ ಬೋಲ್ಟಿಗೆ ಒಯ್ದು ನೋಡಿದ, ಅಲ್ಲಿ ಚೆನ್ನಾಗಿಯೇ ಉರಿಯಿತು. ನಾಲ್ಕನೇ ಸಲಕ್ಕೆ ಅವನ ಹಣೆಯಲ್ಲಿ ಬೆವರು.

"ಗ್ಯಾಸ್ ಐತಿ ಮೇಸ್ತ್ರಿ. ಆದ್ರ ಯಾರೋ ಬಾಯಿಲೆ ಊದಿ ಆರಿಸಿದಂಗ ಆಗ್ತೈತಿ. ನನ್ನ ಗಲ್ಲಕ್ಕ ಉಸುರು ಬಡೀತು. ಇದು ನನ್ನ ಕೈಲೆ ಆಗಂಗಿಲ್ರಿ."

ಹೆದರುಪುಕ್ಕ. ಸಿಲಿಂಡರನ್ನು ಗಾಡಿಗೆ ಹಾಕಿಕೊಂಡು ಹಿಂದೆ ತಿರುಗಿ ನೋಡದೆ ಹೋದ.

ಒಂಬತ್ತು ಬಂದಿವೆ. ಪಾವಟಿಗೆಯ ಮೇಲಿನ ಚಹಾದ ಗ್ಲಾಸು ಸಂಜೆ ಎತ್ತುವಾಗ ಖಾಲಿ. ನೊಣಗಳು ಕುಡಿದಿರಬೇಕು.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಹಿರಿಯರಿಗೆ ಎಡೆ ಇಡುವ ದಿನ. ರಮಾಳನ್ನು ಕರೆದುಕೊಂಡು ತಂಬ್ರಹಳ್ಳಿಗೆ ಹೋದೆ. ಅಣ್ಣನ ಫೋಟೋದ ಮುಂದೆ ಹೊಸ ಧೋತರ, ಹೋಳಿಗೆ, ಅವನಿಗೆ ಇಷ್ಟವಾದ ಪುಂಡಿಪಲ್ಯ. ಅತ್ತಿಗೆ ಮೊದಲಿಗಿಂತ ಬಡವಾಗಿದ್ದಾಳೆ, ಆದರೆ ಬೆಳಗಾದರೆ ಕುರಿ ಹೊಡೆದುಕೊಂಡು ಹೋಗುವುದು ತಪ್ಪಿಲ್ಲ.

ಊಟವಾದ ಮೇಲೆ ಕೇಳಿಯೇಬಿಟ್ಟೆ. "ಅತ್ತಿಗೆಮ್ಮ, ಒಂದು ಮಾತ್ ಹೇಳಲಾರದ ಜೀಪು ಕಳಿಸಿದೆಲ್ಲ?"

ಅವಳು ನನ್ನ ಮುಖವನ್ನೇ ನೋಡಿದಳು. "ನೀನಾ ಫೋನ್ ಮಾಡಿ ಕಳಿಸು ಅಂದಿ. ಸೋಮವಾರ, ಮಟಮಟ ಮಧ್ಯಾಹ್ನ, ಕುರಿ ನೀರಿಗೆ ಬಿಟ್ಟಿದ್ನಿ."

"ನಾನು ಫೋನ್ ಮಾಡಿಲ್ಲ."

"ನಿನ್ನ ದನಿನಾ ಇತ್ತು. 'ದ್ಯಾಮಿ, ಗಾಡಿ ಗ್ಯಾರೇಜಿಗೆ ಕಳಿಸು, ಒಂದು ಬೋಲ್ಟ್ ಬಿಗಿ ಮಾಡೂದೈತಿ' ಅಂದಿ. ದ್ಯಾಮಿ ಅಂದಿದ್ದಕ್ಕ ನನಗೂ ಒಂದೀಟು ಸಿಟ್ಟು ಬಂತು. ಹೋಗ್ಲಿ, ಮೈದುನ ಅಂತ ಸುಮ್ಮನಾದೆ."

ಅವಳನ್ನು ದ್ಯಾಮಿ ಎಂದು ಕರೆಯುತ್ತಿದ್ದವನು ಒಬ್ಬನೇ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನದೂ ಅವನದೂ ಒಂದೇ ದನಿ ಎಂದು ಮೊದಲಿನಿಂದ ಎಲ್ಲರೂ ಹೇಳುತ್ತಿದ್ದರು. ಮನೆಗೆ ಬಂದು ನನ್ನ ಫೋನು ತೆಗೆದು ನೋಡಿದೆ. ಆ ಸೋಮವಾರ ಅತ್ತಿಗೆಗೆ ನಾನು ಮಾಡಿದ ಫೋನು ಇಲ್ಲ.

ಹೆದರಿಕೆ ಆಗುತ್ತಿದೆ, ಬರೆಯಲು ನಾಚಿಕೆಯೇನು.

ಸೆಪ್ಟೆಂಬರ್ 22, ಸೋಮವಾರ

ಹನ್ನೊಂದು ಬೋಲ್ಟೂ ಬಂದವು. ಉಳಿದದ್ದು ಒಂದೇ.

ಸೆಪ್ಟೆಂಬರ್ 24, ಬುಧವಾರ

ರಮಾ ಜಗಳಕ್ಕೆ ನಿಂತಳು. "ಗ್ಯಾರೇಜಿನ್ಯಾಗ ಒಬ್ಬಾವನಾ ಕುಂತು ಯಾರ ಕೂಡ ಮಾತಾಡ್ತೀರಿ? ಜಂಬಣ್ಣ ನಗ್ತಿದ್ದ." ನಾನು ಯಾರ ಕೂಡ ಮಾತಾಡಲಿ? ಕೆಲಸ ಮಾಡುವಾಗ ಬಾಯಿಗೆ ಬಂದದ್ದು ಅನ್ನುತ್ತೇನೆ, ಎಲ್ಲಾ ಮೇಸ್ತ್ರಿಗಳೂ ಅನ್ನುತ್ತಾರೆ. ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟು ಎಂದದ್ದೂ ಅವಳಿಗೆ ತಪ್ಪಾಗಿ ಕಾಣಿಸಿದೆ.

ಮೂರು ಮೂಲೆಗೆ ಹೊಸ ಪಾಟಾ ಕೂರಿಸಿದೆವು. ಹೊಸ ಟೈರು ಬಂದವು, ಎಂಜಿನ್ನೂ ಚಾಲೂ ಆಯಿತು. ಜೀಪಿನ ಪಕ್ಕದಲ್ಲಿ ನೆರಳಿದೆ, ಊಟ ಅಲ್ಲಿಯೇ ಆಗುತ್ತದೆ. ಮಧ್ಯಾಹ್ನ ಹೊರಗಿನ ಸದ್ದೆಲ್ಲಾ ನಿಂತುಹೋದಂತಾಗುತ್ತದೆ, ಬಸ್ಸು ಹೋದರೂ ಕೇಳುವುದಿಲ್ಲ. ಅಣ್ಣನಿಗೆ ಮೊದಲಿನಿಂದಲೂ ಊಟದ ಹೊತ್ತಿಗೆ ಗದ್ದಲ ಆಗಿಬರುತ್ತಿರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಚಂದನಾ ಫೋನು ಮಾಡಿದ್ದಳು. ಎಲ್ಲಿಗೆ ಬಂತು ಕೆಲಸ ಎಂದಳು, ಒಂದೇ ಬೋಲ್ಟು ಉಳಿದಿದೆ ಎಂದೆ. ಆಮೇಲೆ ಕೇಳಿದಳು:

"ಕಾಕಾ, ಖರೇ ಹೇಳು. ಅವತ್ತು ನೀ ಅಪ್ಪನ ಕೂಡ ಇದ್ದಿ. ಅಪ್ಪ ಕುಡಿದಿದ್ನ?"

ಆ ದಿನ ಬೆಳಗಿನಿಂದ ಅವನು ಕುಡಿದದ್ದು ಜಂಬಣ್ಣನ ಚಹಾ ಮಾತ್ರ. ದೇವರಾಣೆ ಗೊತ್ತು ನನಗೆ.

"ಗೊತ್ತಿಲ್ಲ ಮಗಾ," ಎಂದೆ.

"ಆಸ್ಪತ್ರ್ಯಾಗೂ ಅಂತಾರ ಕಾಕಾ. ನನ್ನೆದುರಿಗೆ ಅಲ್ಲ. ನಾ ಒಳಗ ಬಂದ ಕೂಡ್ಲೆ ಸುಮ್ಮನಾಗ್ತಾರ." ಫೋನು ಇಟ್ಟಳು.

ಥೂ ನನ್ನ ಬಾಳಿಗೆ. ಆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಗ್ಯಾರೇಜಿನಲ್ಲೇ ಆಡಿಸಿದ್ದೇನೆ. ಐದು ವರ್ಷದವಳಿದ್ದಾಗಲೇ ಯಾವ ನಟ್ಟಿಗೆ ಯಾವ ಪಾನಾ ಎಂದು ಆರಿಸಿ ಕೊಡುತ್ತಿದ್ದಳು. ಎರಡೇ ಮಾತು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ.

ಜೀಪಿನ ಕಡೆ ನೋಡಲು ಆಗಲಿಲ್ಲ. ಎರಡನೆಯ ಚಹಾ ಇವತ್ತು ಹಾಗೇ ಉಳಿದಿತ್ತು, ಮೇಲೆ ಕೆನೆ ಕಟ್ಟಿತ್ತು.

ಸೆಪ್ಟೆಂಬರ್ 27, ಶನಿವಾರ

ಷಟರ್ ಎತ್ತಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಇವತ್ತೂ ಎತ್ತಲಿಲ್ಲ. ಜಂಬಣ್ಣ ಮನೆಗೇ ಬಂದು, "ಮೇಸ್ತ್ರಿ, ಒಳಗ ಯಾರನ್ನರ ಬಿಟ್ಟು ಕೀಲಿ ಹಾಕೀರೇನು? ಮಧ್ಯಾಹ್ನ ಕಬ್ಬಿಣ ಬಡಿಯೂ ಸಪ್ಪಳ ಬರ್ತಿತ್ತು" ಎಂದ. ಇಲಿ ಇರಬೇಕು ಎಂದೆ. ಅವನು ನಂಬಲಿಲ್ಲ. ನಾನೂ ನಂಬಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಹನ್ನೆರಡು ಗಂಟೆಗೆ ಜೀಪಿನ ಕೆಳಗೆ ಹೋದೆ. ಪಾನಾ ಒಯ್ದಿರಲಿಲ್ಲ, ಸುತ್ತಿಗೆ ಒಯ್ದಿರಲಿಲ್ಲ. ಬೆನ್ನು ನೆಲಕ್ಕೆ ಹಚ್ಚಿ ಆ ಬೋಲ್ಟನ್ನೇ ನೋಡುತ್ತಾ ಮಲಗಿದೆ. ಚೆಂಡುಹೂವಿನ ವಾಸನೆ ಮೂಗಿಗೆ ಕಟ್ಟಿತು. ಗಾಲಿಯ ಆಚೆ ಬದಿಗೆ ಯಾರೋ ಕುಕ್ಕರುಗಾಲಿನಲ್ಲಿ ಕೂತಾಗ ಮೊಣಕಾಲಿನ ಕೀಲು ಲಟಕ್ಕೆನ್ನುತ್ತದಲ್ಲ, ಅಂಥ ಸದ್ದು ಬಂತು. ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ನನಗಿಲ್ಲ.

"ಅಣ್ಣಾ," ಎಂದೆ. "ನಾ ಬಿಗಿ ಮಾಡಿರಲಿಲ್ಲೋ. ಪೂಜಿಗಿಟ್ಟ ಪಾನಾ ಹೆಂಗ ಮುಟ್ಟೂದು ಅಂತ ಬಿಟ್ಟೆ. ನಿನಗ ಹೇಳಲೂ ಇಲ್ಲ. ನೀ ಕುಡಿದಿರಲಿಲ್ಲ, ಅದನ್ನೂ ಯಾರಿಗೂ ಹೇಳಲಿಲ್ಲ."

ಹನ್ನೆರಡು ವರ್ಷದಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡಿದ್ದು ಇದೇ ಮೊದಲು. ಅತ್ತೆ. ಐವತ್ತರ ಗಂಡಸು, ಗ್ರೀಸು ಮೆತ್ತಿದ ಕೈಯಿಂದ ಮೂಗು ಒರೆಸಿಕೊಳ್ಳುತ್ತಾ ಅತ್ತೆ. ಆಮೇಲೆ ಕೈ ಚಾಚಿ ನಟ್ಟನ್ನು ಹಿಡಿದೆ. ತಿರುಗಿತು. ನಾಲ್ಕು ಸುತ್ತಾಗುವಷ್ಟರಲ್ಲಿ ನಟ್ಟು ಅಂಗೈಗೆ ಬಂತು, ಅದರ ಹಿಂದೆ ವಾಷರು.

ಬಿಸಿಲಿಗೆ ತಂದು ನೋಡಿದೆ. ಅಡಿಯೆಲ್ಲಾ ಕೆಂಪು ತುಕ್ಕು. ಸೂಜಿಮೊನೆಯಷ್ಟೂ ಬಿಳಿ ಇಲ್ಲ.

ಹೊಸ ಪಾಟಾ ಕೂರಿಸಿ ಹೊಸ ಬೋಲ್ಟು ತೂರಿಸಿದೆ, ನಟ್ಟನ್ನು ಬೆರಳಿನಿಂದ ಹತ್ತಿಸಿದೆ. ಪಾನಾ ಎತ್ತಿಕೊಂಡೆ, ಅವತ್ತು ಕೈಯಿಂದ ಹೋದ ಪಾನಾ ನೆನಪಾಗಿ ಮತ್ತೆ ಕೆಳಗಿಟ್ಟೆ. ಬೆಳಿಗ್ಗೆ ಪೂಜೆಗೆ ಮುಂಚೆ ಮಾಡಿದರಾಯಿತು ಎಂದು ಮನೆಗೆ ಬಂದೆ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾನು ಸ್ನಾನ ಮುಗಿಸಿ ಗ್ಯಾರೇಜಿಗೆ ಬರುವಷ್ಟರಲ್ಲಿ ರಮಾ ಸಾಮಾನೆಲ್ಲಾ ಹಲಗೆಯ ಮೇಲೆ ಜೋಡಿಸಿ ವಿಭೂತಿ, ಕುಂಕುಮ ಹಚ್ಚಿಯಾಗಿತ್ತು. ಅತ್ತಿಗೆಯೂ ಚಂದನಾಳೂ ಬಂದಿದ್ದರು. ಜಂಬಣ್ಣ ಕಾಯಿ ಹಿಡಿದು ನಿಂತಿದ್ದ. ಜೀಪಿಗೆ ಹಾರ ಬಿದ್ದಿತ್ತು. ಕರ್ಪೂರ ಬೆಳಗಿದ್ದಾಯಿತು, ಕಾಯಿ ಒಡೆದದ್ದಾಯಿತು. ಚಂದನಾ ಕೀಲಿಗಾಗಿ ನನ್ನತ್ತ ಕೈ ಚಾಚಿದಳು.

ಆ ಕೈಯಲ್ಲಿ ವಾಷರು ಇಟ್ಟೆ.

"ಗಾಡಿ ಒಯ್ಯಬ್ಯಾಡ ಮಗಾ. ಹಿಂದಿನ ಎಡಗಡಿ ಬೋಲ್ಟ್ ಇನ್ನೂ ಬಿಗಿ ಮಾಡಿಲ್ಲ. ಹನ್ನೆರಡು ವರ್ಷದ ಹಿಂದ ನಿಮ್ಮಪ್ಪ ಒಯ್ದಾಗೂ ಬಿಗಿ ಮಾಡಿರಲಿಲ್ಲ. ಈ ವಾಷರ್ ನೋಡು, ಅಡಿಗೆಲ್ಲಾ ತುಕ್ಕು. ಅಣ್ಣ ಕುಡಿದಿರಲಿಲ್ಲ. ತಪ್ಪು ನಂದು."

ಜಂಬಣ್ಣನ ಕೈಯಲ್ಲಿದ್ದ ಕಾಯಿಯ ಹೋಳು ಕೆಳಗೆ ಬಿತ್ತು. ರಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಚಂದನಾ ವಾಷರನ್ನು ಹಿಂದೆ ಮುಂದೆ ಮಾಡಿ ನೋಡಿದಳು.

"ಮೊನ್ನೆ ಕೇಳಿದೆನೆಲ್ಲ ಕಾಕಾ. ಕೇಳಿದಾಗೂ ಗೊತ್ತಿಲ್ಲ ಅಂದಿ."

ಅತ್ತಿಗೆ ಮಾತ್ರ ಬೆಚ್ಚಿಬೀಳಲಿಲ್ಲ. ಕಣ್ಣೀರೂ ಹಾಕಲಿಲ್ಲ.

"ನನಗ ಅವತ್ತಾ ಗೊತ್ತಿತ್ತು," ಎಂದಳು. "ಹಡಗಲಿ ಬಿಟ್ಟ ಮ್ಯಾಲೆ ದಾರ್ಯಾಗಿಂದ ಫೋನ್ ಮಾಡಿದ್ದ. 'ಗಾಡಿ ಎಡಕ್ಕ ಎಳೀತೈತಿ ದ್ಯಾಮಿ, ಹುಲುಗೇಶ ಪೂಜಿ ಅವಸರಕ್ಕ ಬಿಗಿ ಮಾಡಿಲ್ಲ ಕಾಣ್ತೈತಿ. ಮೆಲ್ಲಕ ಬರ್ತೀನಿ. ಅಂವಗ ಹೇಳಬ್ಯಾಡ, ಹಬ್ಬದ ದಿನ ಮನಸಿಗೆ ಹಚ್ಚಿಗೊಂತಾನ' ಅಂದ. ಅಂವ ಹೇಳಬ್ಯಾಡ ಅಂದಿದ್ದ, ನಾ ಹೇಳಲಿಲ್ಲ. ಊರ ಮಂದಿ ಕುಡುಕ ಅಂದಾಗೂ ಹೇಳಲಿಲ್ಲ. ನೀನಾ ಹೇಳಲಿ ಅಂತ ಕಾದೆ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊಡೆದಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲಾ ತಿಳಿದೂ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ನನಗೆ ಹೋಳಿಗೆ ಬಡಿಸಿದ್ದಾಳೆ. "ನಾಳೆ ಹೊಳಲಿಗೆ ನಾನಾ ಹೋಗಿ ಹೇಳ್ತೀನಿ ಅತ್ತಿಗೆಮ್ಮ," ಎಂದೆ.

"ಹೊಳಲಿಗೆ ಬ್ಯಾಡ," ಎಂದಳು ಚಂದನಾ. "ಅವರ ಮನಿ ನನಗ ಬೇಕಾಗಿಲ್ಲ. ತಂಬ್ರಹಳ್ಳಿಗೆ ಬಂದು ನಮ್ಮೂರ ಮಂದಿ ಮುಂದ ಹೇಳು." ಹಾಗೆಂದವಳು ನೇರ ಹಲಗೆಯ ಹತ್ತಿರ ಹೋಗಿ ಕುಂಕುಮ ಹಚ್ಚಿದ ಪಾನಾ ಎತ್ತಿಕೊಂಡಳು.

"ಪೂಜಿ ಆದ ಸಾಮಾನು ಮುಟ್ಟಬಾರದು ಮಗಾ!" ಎಂದಳು ರಮಾ.

"ಅವತ್ತು ಮುಟ್ಟಲಾರದ್ದಕ್ಕ ಅಲ್ಲೇನು ಕಾಕಿ, ಹಿಂಗಾಗಿದ್ದು?"

ನಾನು ಮುಂದೆ ಹೋದೆ. "ನೀ ಬ್ಯಾಡ," ಎಂದು ನನ್ನ ಕೈ ಸರಿಸಿ, ಹೊಸ ಚೂಡಿದಾರವನ್ನೂ ಲೆಕ್ಕಿಸದೆ ಜೀಪಿನ ಕೆಳಗೆ ನುಸುಳಿದಳು.

ನಾನು ಬಾನೆಟ್ಟಿನ ಹತ್ತಿರ ಅತ್ತಿಗೆಯ ಮುಂದೆ ಕೈಮುಗಿದು ನಿಂತಿದ್ದೆ. ಕೆಳಗಿನಿಂದ ಪಾನಾ ತಿರುಗುವ ಸದ್ದು ಬಂತು. ಮೊದಲು ಸಡಿಲವಾಗಿ, ಆಮೇಲೆ ಕಿರ್ರ್, ಕಿರ್ರ್ ಎಂದು ಬಿಗಿಯುತ್ತಾ ಹೋಯಿತು. ಆಗ ನನಗೆ ಹೊಳೆಯಿತು. ಒಳಗಿನಿಂದ ನಟ್ಟು ತಿರುಗಿಸುವಾಗ ಹೊರಗೆ ಗಾಲಿಯ ಬದಿಯಲ್ಲಿ ಇನ್ನೊಬ್ಬರು ಕೂತು ಬೋಲ್ಟಿನ ತಲೆಗೆ ಪಾನಾ ಹಾಕಿ ಹಿಡಿಯಲೇಬೇಕು. ಹಿಡಿಯದಿದ್ದರೆ ನಟ್ಟಿನ ಜೊತೆ ಬೋಲ್ಟೂ ತಿರುಗುತ್ತದೆ, ದಿನವಿಡೀ ತಿರುಗಿಸಿದರೂ ಬಿಗಿಯಾಗುವುದಿಲ್ಲ. ಜಂಬಣ್ಣ ಬಾಗಿಲಲ್ಲಿ ನಿಂತಿದ್ದ, ರಮಾ ಹಲಗೆಯ ಹತ್ತಿರ. ಆ ಬದಿಯಲ್ಲಿ ಯಾರೂ ಇರಲಿಲ್ಲ.

"ಬ್ಯಾಡ ಅಂದ್ರೂ ಆ ಕಡಿಂದ ಹಿಡದಿ ಅಲ್ಲ," ಚಂದನಾ ಕೆಳಗಿನಿಂದ ಕೂಗಿದಳು. ದನಿ ಸ್ವಲ್ಪ ಮೆತ್ತಗಾಗಿತ್ತು. "ಸಾಕು, ಬಿಗಿ ಆತು. ಪಾನಾ ಬಿಡು ಕಾಕಾ."

ಅತ್ತಿಗೆ ನನ್ನ ಖಾಲಿ ಕೈಗಳನ್ನು ನೋಡಿದಳು. ಆಮೇಲೆ ಹಿಂದಿನ ಎಡಗಾಲಿಯ ಕಡೆ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.